ಬಿಸಿಯಾದ ಮೇಲೆ ಆಫ್ ಆಗುವ ಎಂಜಿಬಿ: ಕರೆಂಟಾ, ಪೆಟ್ರೋಲಾ?

ಎಂಜಿಬಿ ಅಂದರೆ ಇಂಗ್ಲೆಂಡಿನ ಹಳೇ ಸ್ಪೋರ್ಟ್ಸ್ ಕಾರು, ನನ್ನ ಹತ್ತಿರ ಒಂದಿದೆ. ಅದರ ಕಾಯಿಲೆಯ ಲಕ್ಷಣ ಇಷ್ಟು. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಅರ್ಧ ಗಂಟೆ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಓಡುತ್ತದೆ. ಆಮೇಲೆ ಯಾವುದೋ ಸಿಗ್ನಲ್ ಹತ್ತಿರ, ಹಿಂದೆ ಇಪ್ಪತ್ತು ಕಾರು ಇರುವಾಗಲೇ, ಆಫ್. ಸೆಲ್ಫ್ ಹೊಡೆದರೆ ಎಂಜಿನ್ ಗರಗರ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಕಾಲು ಗಂಟೆ ಬಿಟ್ಟು ನೋಡಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್. ಮೆಕ್ಯಾನಿಕ್ ಮುಂದೆ ನಿಲ್ಲಿಸಿದರೆ ಒಂದು ತಪ್ಪೂ ಮಾಡುವುದಿಲ್ಲ.

ಹಳೇ ಕಾರು ಇಟ್ಟುಕೊಂಡವರಲ್ಲಿ ಈ ಕಾಟ ಕಾಣದವರು ಕಡಿಮೆ. ನಾನು ಒಂದು ಇಡೀ ಬೇಸಿಗೆ ಕಂಡೆ. ಬೇಡದ ಸಾಮಾನಿಗೆ ದುಡ್ಡು ಸುರಿದೆ. ಕೊನೆಗೆ ಸಿಕ್ಕ ದೋಷ ನಾನು ಹುಡುಕಿದ ಕಡೆ ಇರಲೇ ಇಲ್ಲ. ಆ ದಾರಿಯನ್ನು ಈಗ ಸರಿಯಾದ ಕ್ರಮದಲ್ಲಿ ಬರೆಯುತ್ತಿದ್ದೇನೆ.

ನನ್ನದು 1968ರ ಎಂಜಿಬಿ, ಬಟ್ಟೆ ಟಾಪಿನ ಎರಡು ಸೀಟಿನ ಗಾಡಿ. ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ಈ ಮಾಡೆಲ್ 5 ಲಕ್ಷಕ್ಕೂ ಜಾಸ್ತಿ ತಯಾರಾಯಿತು. ಅದರಲ್ಲಿ ದೊಡ್ಡ ಪಾಲು ಹಡಗು ಹತ್ತಿ ಅಮೆರಿಕಕ್ಕೆ ಬಂತು. ನಾನಿರುವುದು ಮಿಶಿಗನ್‌ನಲ್ಲಿ, ಡೆಟ್ರಾಯ್ಟ್ ಪಕ್ಕದ ಊರು. ಸುತ್ತ ಎಲ್ಲರ ಗ್ಯಾರೇಜಿನಲ್ಲೂ ಮಸ್ಟಾಂಗ್, ಕಮಾರೊ, ಹಳೇ ಶೆವ್ರೊಲೆ. ಅವರ ನಡುವೆ ಇಂಗ್ಲಿಷ್ ಕಾರು ಇಟ್ಟುಕೊಳ್ಳುವುದು ಅಂದರೆ ಉಡುಪಿಯಲ್ಲಿ ಮುದ್ದೆ ಹೋಟೆಲ್ ಇಟ್ಟ ಹಾಗೆ. ಆದರೂ ಇದನ್ನೇ ಕೊಂಡದ್ದಕ್ಕೆ ಕಾರಣ ಇದೆ. ಇದರ 1798 ಸಿಸಿ ಎಂಜಿನ್ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್) ಕಂಪನಿಯ ಬಿ ಸೀರೀಸ್. ನಮ್ಮ ಅಂಬಾಸಿಡರ್‌ನ 1489 ಸಿಸಿ ಎಂಜಿನ್ನೂ ಅದೇ ಮನೆತನದ್ದು. ನನ್ನ ಸೋದರಮಾವ ಸಾಗರದಲ್ಲಿ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದರು. ಮೊದಲ ಸಲ ಈ ಕಾರಿನ ಬಾನೆಟ್ ಎತ್ತಿದಾಗ ಊರಿನ ಯಾರೋ ನೆಂಟರು ಸಿಕ್ಕ ಹಾಗಾಯಿತು.

ಉದಾಹರಣೆಗಳೆಲ್ಲ ಎಂಜಿಬಿಯವು. ಆದರೆ ಪಾಯಿಂಟ್ (ಕಿಡಿಗಾಗಿ ಕರೆಂಟನ್ನು ಕಡಿದು ಕೂಡಿಸುವ ಪುಟ್ಟ ಸ್ವಿಚ್ಚು), ಅದರ ಜೊತೆಗಿರುವ ಕಂಡೆನ್ಸರ್, ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸುವ ಸಾಮಾನು) ಇರುವ ಯಾವ ಕಾರಿಗೂ ಕ್ರಮ ಇದೇ.

ಬಿಸಿ ಇರುವಾಗಲೇ ನೋಡಿ

ಈ ಕಾಯಿಲೆಯಲ್ಲಿ ರೋಗಿ ಡಾಕ್ಟರ ಮನೆ ಬಾಗಿಲಿಗೆ ಬರುವಷ್ಟರಲ್ಲಿ ವಾಸಿಯಾಗಿರುತ್ತಾನೆ. ಹಾಗಾಗಿ ಪರೀಕ್ಷೆ ರಸ್ತೆ ಪಕ್ಕದಲ್ಲೇ ಆಗಬೇಕು, ಕಾರು ನಿಂತ ಮೊದಲ ಐದು ನಿಮಿಷದಲ್ಲಿ. ನಾನು ಮಾಡಿದ ದೊಡ್ಡ ತಪ್ಪು ಇದೇ. ನಿಂತಾಗಲೆಲ್ಲ ಬಾನೆಟ್ ಎತ್ತಿಟ್ಟು, ನೀರು ಕುಡಿದು, ತಣ್ಣಗಾಗಲಿ ಅಂತ ಕಾಯುತ್ತಿದ್ದೆ. ತಣ್ಣಗಾಗುವುದರ ಜೊತೆ ಸಾಕ್ಷಿಯೂ ಹೋಗುತ್ತಿತ್ತು.

ಡಿಕ್ಕಿಯಲ್ಲಿ ಇಷ್ಟು ಇಟ್ಟುಕೊಳ್ಳಿ: 12 ವೋಲ್ಟಿನ ಟೆಸ್ಟ್ ಲ್ಯಾಂಪ್, ಸಾಧಾರಣ ಮಲ್ಟಿಮೀಟರ್, ಎರಡೂ ಕಡೆ ಕ್ಲಿಪ್ಪಿರುವ ಒಂದು ಮೀಟರ್ ವೈರು (ಮಧ್ಯೆ 15 ಆಂಪಿಯರ್ ಫ್ಯೂಸ್ ಇರಲಿ), ಹಳೇ ಸ್ಪಾರ್ಕ್ ಪ್ಲಗ್ ಒಂದು, ಇನ್ಸುಲೇಶನ್ ಇರುವ ಕಟಿಂಗ್ ಪ್ಲೇಯರ್, ಗಾಜಿನದಲ್ಲದ ಒಂದು ಬಾಟಲಿ, ಬೆಂಕಿ ಆರಿಸುವ ಪುಟ್ಟ ಸಿಲಿಂಡರ್. ಕೊನೆಯದನ್ನು ಶಾಸ್ತ್ರಕ್ಕೆ ಹೇಳುತ್ತಿಲ್ಲ. ಎಂಜಿಬಿಯಲ್ಲಿ ಎಸ್‌ಯು ಕಂಪನಿಯ ಎರಡೂ ಕಾರ್ಬ್ಯುರೇಟರ್‌ಗಳು ಕೂತಿರುವುದು ಸೈಲೆನ್ಸರಿಗೆ ಹೋಗುವ ಕಾದ ಮ್ಯಾನಿಫೋಲ್ಡಿನ ನೆತ್ತಿಯ ಮೇಲೆ. ಪೆಟ್ರೋಲ್ ಬಿಚ್ಚಿದ ಹೊತ್ತಿನಲ್ಲಿ ಕಿಡಿ ಪರೀಕ್ಷೆ ಬೇಡ, ಕಿಡಿ ನೋಡುವಾಗ ಪೆಟ್ರೋಲ್ ಮುಟ್ಟುವುದು ಬೇಡ. ಒಂದು ಮುಗಿಸಿ ಇನ್ನೊಂದು.

ಕಾರು ಇನ್ನೂ ಉರುಳುತ್ತಿರುವಾಗ

ಮೊದಲ ಸುಳಿವು ಬಾನೆಟ್ ಎತ್ತುವ ಮುಂಚೆಯೇ ಸಿಗುತ್ತದೆ. ಎಂಜಿನ್ ಹೇಗೆ ಸತ್ತಿತು ಅನ್ನುವುದನ್ನು ಕಿವಿಯಲ್ಲಿ ಹಿಡಿದಿಟ್ಟುಕೊಳ್ಳಿ.

ಪೆಟ್ರೋಲ್ ಸಾಲದೆ ನಿಲ್ಲುವ ಕಾರು ಒಮ್ಮೆಲೇ ನಿಲ್ಲುವುದಿಲ್ಲ. ಕೆಮ್ಮುತ್ತದೆ, ಎಳೆಯುವುದಿಲ್ಲ, ಮುಗ್ಗರಿಸುತ್ತದೆ, ಮತ್ತೆ ಒಂದೆರಡು ಗಜ ಚುರುಕಾಗುತ್ತದೆ. ಆಗ ಚೋಕ್ ಎಳೆದರೆ ಒಂದು ಕ್ಷಣ ಚೇತರಿಸಿಕೊಂಡರೂ ಕೊಳ್ಳಬಹುದು. ಕರೆಂಟ್ ಹೋಗಿ ನಿಲ್ಲುವ ಕಾರು ಸ್ವಿಚ್ ಆರಿಸಿದ ಹಾಗೆ ನಿಲ್ಲುತ್ತದೆ. ಕೆಮ್ಮು ಇಲ್ಲ, ಮುನ್ಸೂಚನೆ ಇಲ್ಲ.

ಇನ್ನೊಂದು ಸುಳಿವು ಆರ್‌ಪಿಎಂ ಮೀಟರಿನಲ್ಲಿದೆ. ಇದನ್ನು ತಿಳಿದವರು ಯಾಕೋ ಜಾಸ್ತಿ ಹೇಳುವುದಿಲ್ಲ. ಆ ಕಾಲದ ಎಂಜಿಬಿಯಲ್ಲಿ ಕಾಯಿಲ್‌ಗೆ (12 ವೋಲ್ಟನ್ನು ಕಿಡಿಗೆ ಬೇಕಾದ ಸಾವಿರಾರು ವೋಲ್ಟಿಗೆ ಏರಿಸುವ ಸಾಮಾನು) ಹೋಗುವ ಕರೆಂಟು ಮೀಟರಿನ ಮೂಲಕವೇ ಹಾದು ಹೋಗುತ್ತದೆ. ಪಾಯಿಂಟ್ ತೆರೆದು ಮುಚ್ಚಿದಾಗ ಆ ಕರೆಂಟಿನಲ್ಲಿ ಆಗುವ ಬಡಿತವನ್ನು ಎಣಿಸಿ ಮುಳ್ಳು ಏಳುತ್ತದೆ. ಕಾರು ಗೇರಿನಲ್ಲಿ ಉರುಳುತ್ತಿದೆ, ಎಂಜಿನ್ ಚಕ್ರದ ಜೋರಿನಲ್ಲಿ ತಿರುಗುತ್ತಲೇ ಇದೆ, ಆದರೆ ಮುಳ್ಳು ಮಾತ್ರ ಧೊಪ್ಪನೆ ಸೊನ್ನೆಗೆ ಬಿತ್ತು ಅನ್ನಿ. ಆಗ ಕಾಯಿಲ್‌ನ ಕಡಿಮೆ ವೋಲ್ಟಿನ ದಾರಿಯೇ ಕಡಿದಿದೆ: ಕೀ ಸ್ವಿಚ್, ವೈರು, ಕಾಯಿಲ್‌ನ ಒಳಸುತ್ತು, ಪಾಯಿಂಟ್, ಇವುಗಳಲ್ಲಿ ಯಾವುದೋ ಒಂದು. ಮುಳ್ಳು ಎಂಜಿನ್ ವೇಗದ ಜೊತೆಯೇ ಮೆಲ್ಲಗೆ ಇಳಿದರೆ ಆ ದಾರಿ ಸರಿಯಿದೆ. ದೋಷ ಪೆಟ್ರೋಲಿನಲ್ಲಿದೆ, ಇಲ್ಲವೇ ಕಾಯಿಲಿನಿಂದ ಪ್ಲಗ್‌ವರೆಗಿನ ಹೆಚ್ಚು ವೋಲ್ಟಿನ ಕಡೆ ಇದೆ.

ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು. ನನಗೆ ಆಗ ಗೊತ್ತಿರಲಿಲ್ಲ. ಎಂಜಿನ್ ನಿಂತಾಗ ನಾನು ನೋಡುತ್ತಿದ್ದದ್ದು ಕನ್ನಡಿಯಲ್ಲಿ, ಹಿಂದಿನವನು ಹಾರ್ನ್ ಹೊಡೆಯುತ್ತಾನೇನೋ ಅಂತ.

ಬಾನೆಟ್ ಎತ್ತುವ ಮುಂಚೆ: ಕೀ, ಕೆಂಪು ದೀಪ, ಟಿಕ್‌ಟಿಕ್

ಕಾರನ್ನು ಪಕ್ಕಕ್ಕೆ ತಂದಿರಿ. ಕೀಯನ್ನು ಈಗಲೇ ಆಫ್ ಮಾಡಬೇಡಿ. ಈ ಸಾಲನ್ನು ಬೇಕಾದರೆ ಗೆರೆ ಎಳೆದು ಇಟ್ಟುಕೊಳ್ಳಿ. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಇಗ್ನಿಶನ್ ದೀಪ ನೋಡಿ. ಕೀ ಆನ್ ಇದ್ದು ಎಂಜಿನ್ ನಿಂತಿದ್ದರೆ ಅದು ಉರಿಯಲೇಬೇಕು. ಉರಿಯುತ್ತಿದೆಯಾ?

ಆಮೇಲೆ ಕಿವಿ ಹಿಂದಕ್ಕೆ ಕೊಡಿ. ಎಂಜಿಬಿಯ ಪೆಟ್ರೋಲ್ ಪಂಪು ಕರೆಂಟಿನದು, ಹಿಂದಿನ ಬಲ ಚಕ್ರದ ಹತ್ತಿರ ಕೆಳಗೆ ಇರುತ್ತದೆ. ಒಳಗೊಂದು ಡಯಾಫ್ರಮ್, ಅದನ್ನು ಎಳೆಯಲು ಒಂದು ಕಾಯಿಲ್, ತನ್ನದೇ ಒಂದು ಜೊತೆ ಪಾಯಿಂಟ್. ಒಂದು ಬಡಿತಕ್ಕೆ ಒಂದು ಟಿಕ್. ಬೆಳಿಗ್ಗೆ ಕೀ ತಿರುಗಿಸಿದಾಗ ಟಿಕಿಟಿಕಿಟಿಕಿ ಅಂತ ಓಡಿ, ಕಾರ್ಬ್ಯುರೇಟರಿನ ಬಟ್ಟಲು ತುಂಬಿದ ಮೇಲೆ ಟಿಕ್... ಟಿಕ್... ಅಂತ ನಿಧಾನವಾಗಿ, ಕೊನೆಗೆ ಸುಮ್ಮನಾಗುತ್ತದೆ. ಈ ಸದ್ದು ಅಭ್ಯಾಸವಾದರೆ ಕಾರಿನ ನಾಡಿ ಸಿಕ್ಕಿದ ಹಾಗೆ.

ಮೂರು ಥರ ಆಗಬಹುದು. ಟಿಕ್‌ಟಿಕ್ ಬಿಡುವಿಲ್ಲದೆ ಜೋರಾಗಿ ಓಡುತ್ತಲೇ ಇದ್ದರೆ ಪಂಪು ಗಾಳಿ ಎಳೆಯುತ್ತಿದೆ: ಟ್ಯಾಂಕ್ ಖಾಲಿ, ಇಲ್ಲವೇ ಟ್ಯಾಂಕಿನಿಂದ ಪಂಪಿಗೆ ಬರುವ ಪೈಪಿನಲ್ಲಿ ಎಲ್ಲೋ ಸೀಳು. (ಮುಳ್ಳನ್ನು ನಂಬಬೇಡಿ. ನನ್ನ ಪೆಟ್ರೋಲ್ ಮೀಟರು ಕಾಲು ಟ್ಯಾಂಕ್ ಇದೆ ಅಂತ ಸುಳ್ಳು ಹೇಳಿ ನನ್ನನ್ನು ಎರಡು ಸಲ ಕಾಲ್ನಡಿಗೆಯಲ್ಲಿ ಕಳಿಸಿದೆ.) ಕೆಲವೇ ಟಿಕ್ ಆಗಿ ನಿಂತರೆ ಬಟ್ಟಲು ತುಂಬಿದೆ, ಪೆಟ್ರೋಲ್ ತಪ್ಪಿತಸ್ಥನಲ್ಲ. ಬಟ್ಟಲಿನ ಬಾಯಿಯ ನೀಡಲ್ ಸಿಕ್ಕಿಕೊಂಡಿದ್ದರೂ ಹೀಗೇ ಕೇಳಿಸುತ್ತದೆ, ಅದು ಅಪರೂಪ. ಒಂದೂ ಟಿಕ್ ಇಲ್ಲದಿದ್ದರೆ? ಪಂಪು ಕೆಟ್ಟಿರಬಹುದು. ಪಂಪಿಗೆ ಕರೆಂಟೇ ಬರದೆಯೂ ಇರಬಹುದು.

ಈ ಎರಡರ ನಡುವಿನ ವ್ಯತ್ಯಾಸಕ್ಕೆ ನಾನು ಒಂದು ಹೊಸ ಪಂಪಿನ ಬೆಲೆ ತೆತ್ತಿದ್ದೇನೆ.

ಈಗ ಕೆಂಪು ದೀಪ ಮತ್ತು ಟಿಕ್ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಇಂಗ್ಲಿಷ್ ಕಾರುಗಳಲ್ಲಿ ವೈರಿನ ಬಣ್ಣಕ್ಕೆ ಕಟ್ಟುನಿಟ್ಟಿನ ಲೆಕ್ಕ ಇದೆ. ಕಂದು ವೈರಿನಲ್ಲಿ ಬ್ಯಾಟರಿ ಕರೆಂಟು ಯಾವಾಗಲೂ ಇರುತ್ತದೆ. ಬಿಳಿ ವೈರಿನಲ್ಲಿ ಕೀ ಆನ್ ಮಾಡಿದಾಗ ಮಾತ್ರ. ಬಿಳಿಯದೇ ಫ್ಯೂಸ್ ದಾಟಿದ ಮೇಲೆ ಹಸಿರು. ಕಪ್ಪು ಅರ್ಥ್, ಅಂದರೆ ಕರೆಂಟು ಕಾರಿನ ಮೈಗೆ ಮರಳುವ ದಾರಿ. ಕೆಂಪು ದೀಪ, ಪಂಪು, ಕಾಯಿಲ್ ಮೂರಕ್ಕೂ ಕರೆಂಟು ಬಿಳಿ ವೈರಿನಿಂದಲೇ. ಒಂದೇ ಬಾವಿ, ಮೂರು ಮನೆ. ಒಂದು ಮನೆಯಲ್ಲಿ ನೀರಿಲ್ಲ ಅಂದರೆ ಆ ಮನೆಯ ನಲ್ಲಿ ನೋಡಿ. ಮೂರೂ ಮನೆಯಲ್ಲಿ ಇಲ್ಲ ಅಂದರೆ ನಲ್ಲಿ ಬಿಚ್ಚಬೇಡಿ, ಬಾವಿ ಹತ್ತಿರ ಹೋಗಿ.

ದೀಪ ಇದೆ, ಪಂಪು ಸುಮ್ಮನಿದೆ, ಬಟ್ಟಲೂ ಖಾಲಿ: ಪಂಪಿನ ಕಡೆ ಹೋಗಿ. ಸ್ಪ್ಯಾನರಿನ ಹಿಡಿಯಿಂದ ಪಂಪಿಗೆ ಮೆಲ್ಲಗೆ ಎರಡೇಟು ಕೊಡಿ. ಟಿಕ್ ಶುರುವಾದರೆ ಅದರ ಪಾಯಿಂಟ್ ಕರಕಲಾಗಿದೆ. ಮನೆ ಸೇರಲು ಸಾಕು, ಆಮೇಲೆ ಬಿಚ್ಚಿ ಉಜ್ಜಿ. ಎರಡೇಟಿಗೂ ಏಳದಿದ್ದರೆ ಪಂಪಿನ ಬಿಳಿ ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿಯಿರಿ, ಹಾಗೇ ಅದರ ಕಪ್ಪು ಅರ್ಥ್ ವೈರಿನ ತುದಿ ನೋಡಿ. ಚಕ್ರದ ಪಕ್ಕದ ಕೆಸರು, ಮಿಶಿಗನ್‌ನಲ್ಲಿ ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು, ಎರಡೂ ಸೇರಿ ಅಲ್ಲಿ ಹಸಿರು ತುಕ್ಕು ಹಿಡಿಸುತ್ತವೆ.

ದೀಪವೂ ಇದೆ, ಪಂಪೂ ಸರಿಯಿದೆ ಅಂದರೆ ಬಾನೆಟ್ ಎತ್ತಿ.

ಕಿಡಿ ಇದೆಯಾ?

ಹಳೇ ಪ್ಲಗ್ಗನ್ನು ಯಾವುದಾದರೂ ಒಂದು ಪ್ಲಗ್ ವೈರಿಗೆ ಸಿಕ್ಕಿಸಿ, ಅದರ ಮೈಯನ್ನು ಎಂಜಿನ್ ಬ್ಲಾಕಿಗೆ ಒತ್ತಿ ಹಿಡಿದು ಸೆಲ್ಫ್ ಹೊಡೆಸಿ. ಪ್ಲೇಯರಿನಲ್ಲಿ ಹಿಡಿಯಿರಿ, ಕೈಯಲ್ಲಿ ಬೇಡ. ಶರ್ಟಿನ ತೋಳು, ಶಾಲು, ಜನಿವಾರ ಯಾವುದೂ ಫ್ಯಾನಿನ ಹತ್ತಿರ ಜೋಲಬಾರದು. ನೀಲಿ ಬಿಳಿ ಕಿಡಿ ಚಟಚಟ ಬಂದರೆ ಈ ಭಾಗ ದಾಟಿ ಪೆಟ್ರೋಲಿಗೆ ಹೋಗಿ. ಸಣಕಲು ಕಿತ್ತಳೆ ಕಿಡಿ ಬಂದರೆ, ಇಲ್ಲವೇ ಏನೂ ಬರದಿದ್ದರೆ, ಇಲ್ಲೇ ಇರಿ.

ಮೊದಲು ಕಾಯಿಲ್‌ನ ಬಿಳಿ ವೈರಿನ ತುದಿಗೆ ಟೆಸ್ಟ್ ಲ್ಯಾಂಪ್. ಕೀ ಆನ್ ಮಾಡಿದಾಗ ಉರಿಯಬೇಕು. ಆಮೇಲೆ ಅದೇ ಲ್ಯಾಂಪನ್ನು ಕಾಯಿಲ್‌ನ ಇನ್ನೊಂದು ತುದಿಗೆ, ಅಂದರೆ ಡಿಸ್ಟ್ರಿಬ್ಯೂಟರಿಗೆ (ಕಿಡಿಯನ್ನು ಒಂದೊಂದೇ ಪ್ಲಗ್ಗಿಗೆ ಹಂಚುವ, ಒಳಗೆ ಪಾಯಿಂಟ್ ಇರುವ ಡಬ್ಬಿ) ಹೋಗುವ ಬಿಳಿ ಕಪ್ಪು ಗೆರೆಯ ವೈರಿಗೆ ಹಿಡಿದು ಸೆಲ್ಫ್ ಹೊಡೆಸಿ. ದೀಪ ಮಿಣಮಿಣ ಅನ್ನಬೇಕು. ಬಿಡದೆ ಉರಿದರೆ ಪಾಯಿಂಟ್ ಮುಚ್ಚುತ್ತಿಲ್ಲ, ಅಥವಾ ಡಿಸ್ಟ್ರಿಬ್ಯೂಟರ್ ಒಳಗೆ ಅರ್ಥ್ ಕಡಿದಿದೆ. ಉರಿಯಲೇ ಇಲ್ಲ ಅಂದರೆ ಪಾಯಿಂಟ್ ತೆರೆಯುತ್ತಿಲ್ಲ, ಅಥವಾ ಒಳಗೆಲ್ಲೋ ಶಾರ್ಟ್ ಆಗಿದೆ.

ಪಾಯಿಂಟ್ ಗ್ಯಾಪ್ 0.015 ಇಂಚು, ಅಂದರೆ 0.38 ಮಿಲಿಮೀಟರ್ ಆಸುಪಾಸು. ತಿರುಗುವ ಶಾಫ್ಟಿಗೆ ಉಜ್ಜುವ ಪಾಯಿಂಟಿನ ಹೀಲ್ ಸವೆದಂತೆ ಗ್ಯಾಪ್ ಕಡಿಮೆಯಾಗುತ್ತದೆ. ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದ ಮೇಲೆ ಒಳಗಿನ ಎರಡು ಪುಟ್ಟ ವೈರುಗಳನ್ನು ತಪ್ಪದೆ ನೋಡಿ. ಒಂದು ಪಾಯಿಂಟಿಗೆ ಹೋಗುವುದು, ಇನ್ನೊಂದು ಪಾಯಿಂಟ್ ಕೂತಿರುವ ತಟ್ಟೆಯ ಅರ್ಥ್ ವೈರು. ಕಿಡಿಯ ಸಮಯ ಹೊಂದಿಸುವ ವ್ಯಾಕ್ಯೂಮ್ ಅಡ್ವಾನ್ಸ್ ಆ ತಟ್ಟೆಯನ್ನು ದಿನವಿಡೀ ಆಚೀಚೆ ಆಡಿಸುತ್ತದೆ. ವರ್ಷಗಟ್ಟಲೆ ಆಡಿದ ವೈರು ಮೇಲಿನ ಹೊದಿಕೆ ಚೆನ್ನಾಗಿದ್ದು ಒಳಗೆ ತುಂಡಾಗಿರುತ್ತದೆ. ಮೆಲ್ಲಗೆ ಎಳೆದು ನೋಡಿ. ರಬ್ಬರಿನ ಹಾಗೆ ಉದ್ದವಾದರೆ ಒಳಗೆ ತಂತಿಯಿಲ್ಲ ಅಂತ ಅರ್ಥ.

ಕಂಡೆನ್ಸರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಬಿಸಿಯಾದ ಮೇಲೆ ಕೆಟ್ಟು ತಣ್ಣಗಾದ ಮೇಲೆ ಸರಿಯಾಗುವುದರಲ್ಲಿ ಇದು ಪಳಗಿದ ಕಳ್ಳ. ಸುಮಾರು 0.2 ಮೈಕ್ರೋಫ್ಯಾರಡ್‌ನ ಪುಟ್ಟ ಡಬ್ಬಿ. ಪಾಯಿಂಟ್ ತೆರೆದಾಗ ಅಲ್ಲಿ ಕಿಡಿ ಹಾರದ ಹಾಗೆ ತಡೆದು, ಕಾಯಿಲ್‌ನ ಕರೆಂಟನ್ನು ಥಟ್ಟನೆ ಕಡಿಯುವುದು ಇದರ ಕೆಲಸ. ಮನೆಯಲ್ಲಿ ಮೀಟರ್ ಹಿಡಿದು ಅಳೆದರೆ ಸರಿಯಾಗೇ ತೋರಿಸುತ್ತದೆ. ಆದರೆ ಓಡುವಾಗ ಅದರ ಮೇಲೆ ಬೀಳುವುದು ನೂರಾರು ವೋಲ್ಟು, ಮೀಟರ್ ಹಾಕುವುದು ಅದರ ಒಂದಂಶವೂ ಅಲ್ಲ. ಹಾಗಾಗಿ ಅಳೆಯುವುದು ಬಿಟ್ಟು ಕಣ್ಣಲ್ಲಿ ನೋಡಿ: ಕ್ಯಾಪ್ ತೆಗೆದು, ಕೀ ಆನ್ ಇಟ್ಟು, ಮುಚ್ಚಿದ ಪಾಯಿಂಟನ್ನು ಪ್ಲಾಸ್ಟಿಕ್ ಕಡ್ಡಿಯಿಂದ ತೆರೆಯಿರಿ. ಸಣ್ಣ ಚುಕ್ಕೆಯಂಥ ಕಿಡಿ ಸಹಜ. ದಪ್ಪನೆಯ ನೀಲಿ ಕಿಡಿ ಚಟಾರನೆ ಹಾರಿದರೆ ಕಂಡೆನ್ಸರ್ ಹೋಗಿದೆ. ಬದಲಿಸುವಾಗ ಹಳೆಯದನ್ನು ಬಿಚ್ಚಿಯೇ ಹೊಸದು ಹಾಕಿ. ಒಳಗೆ ಶಾರ್ಟ್ ಆದದ್ದನ್ನು ಅಲ್ಲೇ ಬಿಟ್ಟು ಪಕ್ಕಕ್ಕೆ ಇನ್ನೊಂದು ಸಿಕ್ಕಿಸಿದರೆ ಏನೂ ಉಪಯೋಗವಿಲ್ಲ. ಇವತ್ತು ಸಿಗುವ ಹೊಸ ಕಂಡೆನ್ಸರುಗಳಲ್ಲಿ ಡಬ್ಬಿಯಿಂದ ತೆಗೆದಾಗಲೇ ಹಾಳಾಗಿರುವುವೂ ಇವೆ. ಹೊಸದು ಅಂದ ಮಾತ್ರಕ್ಕೆ ಒಳ್ಳೆಯದು ಅಂದುಕೊಳ್ಳಬೇಡಿ. ನಾನಂತೂ ಓಡಿಸಿ ಪರೀಕ್ಷೆ ಮಾಡಿದ ಹಳೆಯದೊಂದನ್ನು ಗ್ಲೋವ್ ಬಾಕ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ.

ಕಾಯಿಲ್ ಬೇಗ ಮುಗಿಯುತ್ತದೆ. ಈ ಮಾಡೆಲಿನಲ್ಲಿ ಎರಡು ಸಣ್ಣ ತುದಿಗಳ ನಡುವೆ ಸುಮಾರು 3 ಓಮ್ ಇರಬೇಕು. ಬಿಸಿ ಇರುವಾಗಲೇ ಅಳೆಯಿರಿ. ಓಡುವಾಗ ಕಾಯಿಲ್ ಮುಟ್ಟಲಾರದಷ್ಟು ಬಿಸಿಯಾಗುವುದು ಸಹಜ, ಅದೊಂದನ್ನೇ ನೋಡಿ ದೂರಬೇಡಿ.

ಡಿಸ್ಟ್ರಿಬ್ಯೂಟರ್ ಒಳಗೆ ತಿರುಗುತ್ತಾ ಕಿಡಿ ಹಂಚುವ ರೋಟರ್ ಪರೀಕ್ಷೆಗೂ ಒಂದು ಉಪಾಯ ಇದೆ. ಕಾಯಿಲ್‌ನಿಂದ ಬರುವ ದಪ್ಪ ವೈರಿನ ತುದಿಯನ್ನು ರೋಟರಿನ ನಡುಭಾಗಕ್ಕೆ ಅರ್ಧ ಸೆಂಟಿಮೀಟರ್ ದೂರದಲ್ಲಿ ಪ್ಲೇಯರಿನಿಂದ ಹಿಡಿದು ಸೆಲ್ಫ್ ಹೊಡೆಸಿ. ರೋಟರ್ ಒಳ್ಳೆಯದಾದರೆ ಕಿಡಿಗೆ ಹೋಗಲು ದಾರಿಯಿಲ್ಲ, ಬಿಡದೆ ಹಾರಲಾರದು. ಮತ್ತೆ ಮತ್ತೆ ಹಾರುತ್ತಿದ್ದರೆ ರೋಟರಿನ ಪ್ಲಾಸ್ಟಿಕ್ ಒಳಗೇ ತೂತು ಬಿದ್ದು ಕಿಡಿ ಶಾಫ್ಟಿಗೆ ಇಳಿಯುತ್ತಿದೆ. ಹಿತ್ತಾಳೆ ಪಟ್ಟಿಯನ್ನು ಉದ್ದನೆಯ ರಿವೆಟ್ ಹೊಡೆದು ಕೂರಿಸಿದ ರೋಟರ್‌ಗಳಲ್ಲಿ ಇದು ಜಾಸ್ತಿ.

ಪೆಟ್ರೋಲ್ ಬರುತ್ತಿದೆಯಾ?

ಕಿಡಿ ಚೆನ್ನಾಗಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ಕಾಯಿಲ್‌ನ ಬಿಳಿ ವೈರು ಕಳಚಿಟ್ಟು, ಕಾರ್ಬ್ಯುರೇಟರಿನ ಪೈಪ್ ಬಿಚ್ಚಿ ಬಾಟಲಿಗೆ ಬಿಟ್ಟು ಕೀ ಆನ್ ಮಾಡಿ. ಒಳ್ಳೆ ಪಂಪು ಅರ್ಧ ನಿಮಿಷಕ್ಕೆ ಹತ್ತಿರ ಹತ್ತಿರ ಅರ್ಧ ಲೀಟರ್ ಕೊಡುತ್ತದೆ. ಮೊದಲು ಜೋರಾಗಿ ಬಂದು ಆಮೇಲೆ ಸೊರಗಿದರೆ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಉಸ್ಸೆಂದು ಗಾಳಿ ಒಳಗೆ ಹೋಗಿ ಧಾರೆ ಮತ್ತೆ ಜೋರಾದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಬದಲಾಗದಿದ್ದರೆ ಟ್ಯಾಂಕಿನ ತಳದ ತುಕ್ಕು ಜಾಲರಿಗೆ ಬಂದು ಅಂಟಿರಬಹುದು. ನಿಂತ ಮೇಲೆ ಆ ತುಕ್ಕು ಮತ್ತೆ ತಳಕ್ಕೆ ಇಳಿಯುತ್ತದೆ, ಕಾರು ಸ್ಟಾರ್ಟ್ ಆಗುತ್ತದೆ. ನೋಡಿ, ಇಲ್ಲೂ ಕಾಲು ಗಂಟೆ ಕಾದರೆ ಸರಿ. ಬಿಸಿಗೂ ಇದಕ್ಕೂ ಸಂಬಂಧವೇ ಇಲ್ಲ.

ಇನ್ನು ಎಲ್ಲರ ಬಾಯಲ್ಲೂ ಇರುವ ವೇಪರ್ ಲಾಕ್. ಪೈಪಿನಲ್ಲೇ ಪೆಟ್ರೋಲ್ ಕುದಿದು ಆವಿಯಾಗಿ ಪಂಪಿಗೆ ಏನೂ ಸಿಗದ ಸ್ಥಿತಿ. ಇದು ಸುಳ್ಳಲ್ಲ. ಆದರೆ ಎಂಜಿಬಿಗೆ ಜನ ಹೇಳುವಷ್ಟು ಬರುವುದಿಲ್ಲ ಅನ್ನುವುದು ನನ್ನ ಲೆಕ್ಕ. ಯಾಕೆಂದರೆ ಪಂಪು ಹಿಂದೆ ಟ್ಯಾಂಕಿನ ಪಕ್ಕ ತಣ್ಣಗಿದೆ, ಅಲ್ಲಿಂದ ಮುಂದಕ್ಕೆ ತಳ್ಳುತ್ತದೆ. ಒತ್ತಡದಲ್ಲಿರುವ ಪೆಟ್ರೋಲ್ ಬೇಗ ಕುದಿಯುವುದಿಲ್ಲ, ಎಳೆತದಲ್ಲಿರುವುದು ಬೇಗ ಕುದಿಯುತ್ತದೆ. ಎಂಜಿಬಿಯಲ್ಲಿ ನಿಜವಾಗಿ ಆಗುವುದು ಬೇರೆ: ಬಿಸಿ ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಅಂಗಡಿಗೆ ಹೋಗಿ ಬಂದರೆ ಮ್ಯಾನಿಫೋಲ್ಡಿನ ಶಾಖಕ್ಕೆ ಬಟ್ಟಲಿನ ಪೆಟ್ರೋಲ್ ಕುದಿದಿರುತ್ತದೆ. ಆಗ ಚೋಕ್ ಮುಟ್ಟದೆ ಎಕ್ಸಲರೇಟರ್ ಅರ್ಧ ಒತ್ತಿ ಹಿಡಿದು ಸೆಲ್ಫ್ ಹೊಡೆದರೆ ಗೊಣಗಿಕೊಂಡು ಹತ್ತುತ್ತದೆ. ಕಾರ್ಬ್ಯುರೇಟರ್ ಕೆಳಗಿನ ತಗಡಿನ ಮರೆ ಇಲ್ಲದ ಕಾರಿನಲ್ಲಿ ಇದು ಜಾಸ್ತಿ. ನಿಂತ ಮೇಲೆ ಬರುವ ಈ ತೊಂದರೆ ಬೇರೆ, ಓಡುತ್ತಾ ಓಡುತ್ತಾ ಆಫ್ ಆಗುವುದು ಬೇರೆ.

ಪೆಟ್ರೋಲಿನ ಗುಣವೂ ಬದಲಾಗಿದೆ. ಇಲ್ಲಿ ಬಂಕಿನಲ್ಲಿ ಸಿಗುವುದರಲ್ಲಿ ಸಾಮಾನ್ಯವಾಗಿ 10 ಪರ್ಸೆಂಟ್ ಎಥನಾಲ್, ಊರಿನಲ್ಲಿ ಈಗ 20. ಎಥನಾಲ್ 78 ಡಿಗ್ರಿಗೇ ಕುದಿಯುತ್ತದೆ, ಹಳೇ ರಬ್ಬರ್ ಪೈಪನ್ನೂ ಮೆದು ಮಾಡುತ್ತದೆ. ಬೆಂಗಳೂರಿನಲ್ಲಿ ಫಿಯಟ್, ಬೀಟಲ್ ಇಟ್ಟುಕೊಂಡ ಗೆಳೆಯರು ಮೊದಲು ರಬ್ಬರ್ ಪೈಪುಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಿಸಿಕೊಳ್ಳುವುದು ಒಳ್ಳೆಯದು.

ನನ್ನ ಕಾರಿನಲ್ಲಿ ಏನಾಗಿತ್ತು

ಡೆಟ್ರಾಯ್ಟ್ ಪಕ್ಕದ ಊರುಗಳಲ್ಲಿ ಹಾಯುವ ವುಡ್‌ವರ್ಡ್ ಅವೆನ್ಯೂನಲ್ಲಿ 1995ರಿಂದ ಸಾಮಾನ್ಯವಾಗಿ ಆಗಸ್ಟಿನ ಮೂರನೇ ಶನಿವಾರ ಹಳೇ ಕಾರುಗಳ ಜಾತ್ರೆ ನಡೆಯುತ್ತದೆ. ಜಾತ್ರೆ ಅಂತಲೇ ಹೇಳಬೇಕು, ತೇರು ಒಂದರ ಬದಲು ಸಾವಿರಾರು. ಜನ ರಸ್ತೆ ಪಕ್ಕ ಮಡಿಸುವ ಕುರ್ಚಿ ಹಾಕಿಕೊಂಡು ಬೆಳಗಿನಿಂದ ಕೂತಿರುತ್ತಾರೆ. ಆಮೆ ನಡಿಗೆಯ ಸಾಲಿನಲ್ಲಿ ಅಷ್ಟು ಕಣ್ಣುಗಳ ಮುಂದೆ ನನ್ನ ಕಾರು ನಿಂತಿತು. ಐದಾರು ಜನ ಬಂದು ತಳ್ಳಿದರು. ಐದಾರು ಜನರೂ "ವೇಪರ್ ಲಾಕ್" ಅಂದರು.

ಪೈಪಿಗೆಲ್ಲ ಶಾಖ ತಡೆಯುವ ಪಟ್ಟಿ ಸುತ್ತಿದೆ. ಮತ್ತೆ ನಿಂತಿತು. ಒಂದು ಸಲ ಪಂಪಿನ ಟಿಕ್ ಇಲ್ಲದ್ದನ್ನು ಗಮನಿಸಿ, ಸಿಕ್ಕ ಕಳ್ಳ ಅಂತ ಹೊಸ ಪಂಪ್ ಹಾಕಿದೆ. ಮೂರನೇ ದಿನ ಮತ್ತೆ ನಿಂತಿತು. ಕಂಡೆನ್ಸರ್ ಬದಲಿಸಿದೆ, ಪಾಯಿಂಟ್ ಬದಲಿಸಿದೆ. ಪ್ರತಿ ಸಲವೂ ಬಾನೆಟ್ ಎತ್ತಿ ಕಾಲು ಗಂಟೆ ಕಾದರೆ ಸ್ಟಾರ್ಟ್ ಆಗುತ್ತಿದ್ದದ್ದರಿಂದ ಬಿಸಿಯೇ ಕಾರಣ ಅಂತ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತ್ತು.

ಒಂದು ಭಾನುವಾರ ಮಾವನಿಗೆ ಫೋನ್ ಮಾಡಿದಾಗ ಇದೇ ಗೋಳು ಹೇಳಿಕೊಂಡೆ. ಅವರು ಎಂಜಿನ್ ಬಗ್ಗೆ ಏನೂ ಕೇಳಲಿಲ್ಲ.

"ನಿಂತಾಗ ಕೆಂಪು ಲೈಟ್ ಉರೀತಿತ್ತೇನೋ?"

"ನೋಡ್ಲಿಲ್ಲ ಮಾವ."

"ಕೀ ಆಫ್ ಮಾಡ್ದೆ ಹಾಗೇ ಸೆಲ್ಫ್ ಹೊಡೆದ್ಯೋ, ಆಫ್ ಮಾಡಿ ಹೊಡೆದ್ಯೋ?"

ನನಗೆ ನೆನಪಿರಲಿಲ್ಲ. ಮಾವ ನಕ್ಕರು. "ಕೀ ಗೊಂಚಲಲ್ಲಿ ಎಷ್ಟು ಕೀ ಇದಾವೆ ಎಣಿಸು ಮೊದ್ಲು" ಅಂದರು.

ಎಣಿಸಿದೆ. ಮನೆ ಕೀ ಎರಡು, ಗ್ಯಾರೇಜ್, ಅಂಚೆ ಡಬ್ಬಿ, ಇನ್ನೊಂದು ಕಾರಿನ ದಪ್ಪ ರಿಮೋಟು, ಧರ್ಮಸ್ಥಳದಿಂದ ತಂದ ಹಿತ್ತಾಳೆ ಗಣಪತಿ. ಅಡಿಗೆಮನೆ ತಕ್ಕಡಿಯಲ್ಲಿ ಇಟ್ಟರೆ 210 ಗ್ರಾಂ. ಡ್ಯಾಶ್‌ಬೋರ್ಡಿನ ಆ ಹಳೇ ಸ್ವಿಚ್ಚು ಹಗಲೆಲ್ಲ ಇದನ್ನು ನೇತು ಹಾಕಿಕೊಂಡು ಕುಲುಕುತ್ತಿತ್ತು.

ಮುಂದಿನ ಸಲ ನಿಂತಾಗ ಕೀ ಮುಟ್ಟಲಿಲ್ಲ. ಕೆಂಪು ದೀಪ ಇಲ್ಲ. ಟಿಕ್ ಇಲ್ಲ. ಮೂರೂ ಮನೆಗೆ ನೀರಿಲ್ಲ. ಬಾನೆಟ್ ಎತ್ತಿ, ಫ್ಯೂಸ್ ಬಾಕ್ಸಿನ ಕಂದು ತುದಿಯಿಂದ ಬಿಳಿ ತುದಿಗೆ ಕ್ಲಿಪ್ ವೈರು ಹಾಕಿದೆ. ಹಾಕಿದ ಕ್ಷಣಕ್ಕೆ ಹಿಂದಿನಿಂದ ಟಿಕ್, ಟಿಕ್, ಟಿಕ್. ಒಂದೇ ಸೆಲ್ಫಿಗೆ ಸ್ಟಾರ್ಟ್. ಬಿಸಿ ಎಂಜಿನ್, ಒಂದು ನಿಮಿಷವೂ ಕಾಯದೆ. (ಹೀಗೆ ಓಡಿಸಿದರೆ ಕೀ ಆಫ್ ಮಾಡಿದರೂ ಎಂಜಿನ್ ನಿಲ್ಲುವುದಿಲ್ಲ, ವೈರು ಕೀಳಬೇಕು. ಮನೆ ಮುಟ್ಟಲು ಮಾತ್ರ ಈ ಉಪಾಯ.)

ಮನೆಗೆ ಬಂದು ಮೀಟರ್ ಹಿಡಿದೆ. ಬ್ರೇಕ್ ಒತ್ತಿ, ಹೀಟರ್ ಫ್ಯಾನ್ ಹಾಕಿ, ಪಾಯಿಂಟ್ ಮುಚ್ಚಿಟ್ಟು ನೋಡಿದರೆ ಕಂದು ವೈರಿನಲ್ಲಿ 12.3 ವೋಲ್ಟ್, ಬಿಳಿಯಲ್ಲಿ 9.8. ಎರಡೂವರೆ ವೋಲ್ಟ್ ಸ್ವಿಚ್ಚಿನ ಒಳಗೇ ಕರಗುತ್ತಿತ್ತು. ಅರ್ಧ ವೋಲ್ಟಿಗಿಂತ ಜಾಸ್ತಿ ಹೋಗಬಾರದು. ಕಾಯಿಲ್, ಪಂಪು, ತಲಾ 21 ವ್ಯಾಟಿನ ಎರಡು ಬ್ರೇಕ್ ದೀಪ, ಫ್ಯಾನು ಎಲ್ಲ ಸೇರಿ 10 ಆಂಪಿಯರ್ ಅಂತ ಇಟ್ಟುಕೊಂಡರೂ 25 ವ್ಯಾಟ್ ಶಾಖ. ಹೆಬ್ಬೆಟ್ಟಿನಷ್ಟು ಸ್ವಿಚ್ಚಿನೊಳಗೆ ಒಂದು ಸಣ್ಣ ಸಾಲ್ಡರಿಂಗ್ ಕಡ್ಡಿ ಇಟ್ಟ ಹಾಗೆ. ಸವೆದ ಕಾಂಟ್ಯಾಕ್ಟ್ ಕಾದು, ಸಡಿಲವಾಗಿ, ಬಿಟ್ಟುಕೊಳ್ಳುತ್ತಿತ್ತು. ಟ್ರಾಫಿಕ್ಕಿನಲ್ಲೇ ಯಾಕೆ ಅನ್ನುವುದೂ ಆಗ ಹೊಳೆಯಿತು. ಕಾಲು ಬ್ರೇಕಿನ ಮೇಲೇ ಇರುತ್ತದೆ. ಎಂಜಿನ್ ಬಿಸಿ ಇಳಿಸಲು ನಾನೇ ಹೀಟರ್ ಫ್ಯಾನ್ ಹಾಕುತ್ತಿದ್ದೆ. ಎರಡೂ ಅದೇ ಸ್ವಿಚ್ಚಿನ ತಲೆ ಮೇಲೆ.

ಕಾಲು ಗಂಟೆ ಕಾದರೆ ಸ್ಟಾರ್ಟ್ ಆಗುತ್ತಿದ್ದ ಗುಟ್ಟೂ ಅಷ್ಟೇ. ತಣ್ಣಗಾಗಬೇಕಿದ್ದದ್ದು ಎಂಜಿನ್ ಅಲ್ಲ, ಸ್ವಿಚ್ಚು. ಜೊತೆಗೆ ನಾನು ಪ್ರತಿ ಸಲ ಕೀ ಆಫ್ ಮಾಡಿ, ಕಿತ್ತು ಜೇಬಿಗೆ ಹಾಕಿಕೊಂಡು, ಆಮೇಲೆ ಮತ್ತೆ ಸಿಕ್ಕಿಸಿ ತಿರುಗಿಸುತ್ತಿದ್ದೆ. ಕಾಂಟ್ಯಾಕ್ಟ್ ಹೊಸ ಜಾಗದಲ್ಲಿ ಕೂರುತ್ತಿತ್ತು. ಲೂಸ್ ಕಾಂಟ್ಯಾಕ್ಟನ್ನು ನಾನೇ ಸರಿ ಮಾಡಿ, ಬಿಸಿಯ ಮೇಲೆ ಗೂಬೆ ಕೂರಿಸುತ್ತಿದ್ದೆ.

ಇಂಗ್ಲಿಷ್ ಕಾರಿನ ವೈರಿಂಗ್ ಬಗ್ಗೆ ಇಲ್ಲಿ ಬೇಕಾದಷ್ಟು ಜೋಕುಗಳಿವೆ. ನಾನು ಈಗ ಅದಕ್ಕೆ ನಗುವುದಿಲ್ಲ. ಅರ್ಧ ಶತಮಾನ ದಾಟಿದ ಸ್ವಿಚ್ಚಿಗೆ ಕಾಲು ಕಿಲೋ ಹಿತ್ತಾಳೆ ಕಟ್ಟಿದವನು ನಾನು.

ಹೊಸ ಸ್ವಿಚ್ಚು ಹಾಕಲು ಅರ್ಧ ಗಂಟೆ. ಬ್ಯಾಟರಿ ಕಳಚುವುದು ಮರೆಯಬೇಡಿ. ಇದರಲ್ಲಿ ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿ ಇರುತ್ತವೆ, ಅರ್ಥ್ ಕಡೆಯದು ಬಿಚ್ಚಿದರೆ ಸಾಕು. ಬಿಚ್ಚುವ ಮುಂಚೆ ಫೋನಿನಲ್ಲಿ ವೈರುಗಳ ಒಂದು ಫೋಟೋ ತೆಗೆದುಕೊಳ್ಳಿ. ಹೊಸದು ಹಾಕಿದ ಮೇಲೆ ಅದೇ ಪರೀಕ್ಷೆಗೆ 12.3 ಮತ್ತು 12.1 ಬಂತು. ಸ್ವಿಚ್ಚಿನ ಹೊರೆ ಇನ್ನೂ ಇಳಿಸಬೇಕು ಅನ್ನುವವರು ಹಸಿರು ವೈರಿನ ಸಾಮಾನುಗಳಿಗೆ ಒಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು) ಹಾಕಿಕೊಳ್ಳಬಹುದು. ನಾನು ಹಾಕಿಲ್ಲ. ಕೀಯನ್ನು ಮಾತ್ರ ಒಂಟಿಯಾಗಿ ಇಟ್ಟಿದ್ದೇನೆ.

ಪಕ್ಕದ ಮನೆಯ ಮಸ್ಟಾಂಗ್

ಇದನ್ನೆಲ್ಲ ಕಲಿತ ಹುರುಪಿನಲ್ಲಿ ಪಕ್ಕದ ಮನೆಯ ಅಜ್ಜನ 1965ರ ಮಸ್ಟಾಂಗಿಗೂ ಕೈ ಹಾಕಿದೆ. ಕಾರ್ ಫ್ಯಾಕ್ಟರಿಯಿಂದ ರಿಟೈರ್ ಆದವರು, ನನಗಿಂತ ಜಾಸ್ತಿ ತಿಳಿದವರು. ಆದರೂ ಕೆಂಪು ದೀಪ ನೋಡಿ ಅಂದೆ. ಇತ್ತು. ಕಿಡಿ ನೋಡಿದೆವು, ಚಟಚಟ ಅಂತಿತ್ತು. ಕೆಮ್ಮಿ ಕೆಮ್ಮಿ ನಿಂತಿತ್ತು ಅಂತ ಅವರೇ ಹೇಳಿದರು. ಏಪ್ರಿಲ್‌ನ ಮೊದಲ ಸೆಕೆ ದಿನ, ಟ್ಯಾಂಕಿನಲ್ಲಿ ಚಳಿಗಾಲದ ಪೆಟ್ರೋಲು. ಚಳಿಗಾಲಕ್ಕೆ ಇಲ್ಲಿ ಬೇಗ ಆವಿಯಾಗುವ ಮಿಶ್ರಣ ಮಾರುತ್ತಾರೆ. 289 ಕ್ಯೂಬಿಕ್ ಇಂಚಿನ ವಿ8 ಎಂಜಿನ್ನಿನ ಪಂಪು ಎಂಜಿನ್ನಿಗೇ ಬೋಲ್ಟ್ ಆಗಿದ್ದು, ಅಷ್ಟು ದೂರದ ಟ್ಯಾಂಕಿನಿಂದ ಎಳೆದುಕೊಳ್ಳುತ್ತದೆ. ಕಾದ ಪಂಪು, ಎಳೆತದ ಪೈಪು.

ಹಿಂದೆ ಫಿಯಟ್ ಟ್ಯಾಕ್ಸಿಗಳು ಆಗುಂಬೆ ಘಾಟಿ ಹತ್ತುವಾಗ ನಿಂತರೆ ಡ್ರೈವರುಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದರಂತೆ. ನಾನು ಕುಡಿಯುವ ನೀರಿನಲ್ಲಿ ಟವೆಲ್ ಅದ್ದಿ ಪಂಪಿಗೆ ಸುತ್ತಿದೆ. ಎರಡು ನಿಮಿಷ ಬಿಟ್ಟು ಸೆಲ್ಫ್ ಹೊಡೆದರು. ಹತ್ತಿಕೊಂಡಿತು. ಉಳಿದ ಎಂಜಿನ್ ಇನ್ನೂ ಕೈ ಇಡಲಾರದಷ್ಟು ಬಿಸಿ ಇತ್ತು, ತಣ್ಣಗಾದದ್ದು ಪಂಪು ಒಂದೇ. ಈ ಸಲ ಮಾತ್ರ ವೇಪರ್ ಲಾಕೇ. ಎಕ್ಸಾಸ್ಟ್ ಪಕ್ಕ ಹಾದುಹೋಗಿದ್ದ ಪೈಪನ್ನು ನಾಲ್ಕು ಬೆರಳು ಆಚೆ ಸರಿಸಿ ಕಟ್ಟಿದೆವು. ನನ್ನ ಎಂಜಿಬಿಯಿಂದ ಬಿಚ್ಚಿಟ್ಟಿದ್ದ ಶಾಖದ ಪಟ್ಟಿ ಅದಕ್ಕೆ ಸುತ್ತಲು ಸರಿಯಾಗಿ ಸಾಕಾಯಿತು.